ಜಾವಾ ಗಾಡಿಯ ಸೀರೆ ಗಾರ್ಡು

ಈ ಸಲ ಅಡುಗೆ ಬಗ್ಗೆ ಬರೀತ್ನಿಲ್ಲೆ. ಹ್ವಾದ ಸಲ ತೊಡದೇವಿನ ಗಡಿಗೆ ಬಗ್ಗೆ ಬರದಾಗ ಆಚೆಮನೆ ಅತ್ತಿಗೆ ಕೇಳಿತ್ತು, "ನಿಮ್ಮನೆ ಅಂಗಳದಲ್ಲಿ ಭಾನುವಾರ ಬೆಳಗಾದ್ರೆ ಡುಗುಡುಗು ಹೇಳಿ ಎಂತದೇ ಅದು ಶಬ್ದ, ಹೊಗೆ ಬೇರೆ?" ಹೇಳಿ. ಅದು ಯಂಗ್ಳ ಮಾವನ ಜಾವಾ ಗಾಡಿ. ಅದ್ರ ಕತೆ ಬರೆಯವು ಹೇಳಿ ಸುಮಾರು ದಿನದಿಂದ ಮನಸಲ್ಲಿತ್ತು. ಬೈಕಿನ ಕತೆ ಗಂಡಸ್ರ ಕತೆ, ನಂಗಕ್ಕೆಂತಕ್ಕೆ ಹೇಳಿ ಅರ್ಧಕ್ಕೇ ಬಿಡಡಿ. ಕಡೀಗೆ ಎಂತಕ್ಕೆ ಹೇಳಿ ಗೊತ್ತಾಗ್ತು.

ಆನು ಮದುವೆಯಾಗಿ ಈ ಮನೆಗೆ ಬಂದಿದ್ದು 1991ರಲ್ಲಿ. ಆಗ ಜಾವಾ ಹೆಬ್ಬಾಗಿಲ ಪಕ್ಕದಲ್ಲಿ ನಿಲ್ತಿತ್ತು. ಮೆರೂನು ಬಣ್ಣ, ಟ್ಯಾಂಕಿನ ಎರಡೂ ಬದಿಗೆ ಹೊಳೆಯುವ ಕ್ರೋಮು, ಮೊಣಕಾಲು ತಾಗುವಲ್ಲಿ ರಬ್ಬರಿನ ಪಟ್ಟಿ. ಮಾವ ದಿನಾ ಬೆಳಗ್ಗೆ ಕವಳ ಹಾಕಿ ಹಳೇ ಪಂಜಿಯ ಚೂರಲ್ಲಿ ಅದ್ನ ಒರೆಸ್ತಿದ್ದ. ದನದ ಮೈ ತಿಕ್ಕುವಷ್ಟೇ ಪ್ರೀತಿ. ಯಂಗೆ ಆಗ ಅನಿಸ್ತಿತ್ತು, ಈ ಮನೇಲಿ ಸೊಸೆಗಿಂತ ಗಾಡಿಗೇ ಮರ್ಯಾದೆ ಜಾಸ್ತಿ ಹೇಳಿ.

ಈ ಜಾವಾ ಹೇಳದು ನಮ್ಮ ದೇಶದ ಹೆಸರಲ್ಲ. ಯುರೋಪಿನ ಚೆಕೊಸ್ಲೊವಾಕಿಯಾ ದೇಶದ ಪ್ರಾಗ್ ಊರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಹೇಳುವವ ಒಬ್ಬ ಇದ್ದಿದ್ದ. ಮೊದಲು ಬಂದೂಕು, ಮದ್ದುಗುಂಡಿನ ಕಾರ್ಖಾನೆಯವ. ಯುದ್ಧ ಮುಗಿದ ಮೇಲೆ ಅದಕ್ಕೆ ಗಿರಾಕಿ ಕಮ್ಮಿಯಾತು. ಹಾಂಗಾಗಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟರ್ ಸೈಕಲ್ ಮಾಡುವ ಹಕ್ಕು ತಗಂಡು ಬೈಕು ಮಾಡ್ಲೆ ಶುರುಮಾಡ್ದ. ತನ್ನ ಹೆಸರಿನ ಮೊದಲೆರಡು ಅಕ್ಷರ, ವಾಂಡರರ್‌ನ ಮೊದಲೆರಡು ಅಕ್ಷರ ಸೇರಿಸಿ ಜಾವಾ ಹೇಳಿ ಹೆಸರಿಟ್ಟ. ಯಂಗ ಮಾಣಿ-ಕೂಸಿಗೆ ಅಜ್ಜ-ಅಜ್ಜಿ ಹೆಸರು ಸೇರಿಸಿ ಇಡ್ತ್ಯಲೆ, ಹಾಂಗೇಯ.

ನಮ್ಮ ದೇಶಕ್ಕೆ ಮೊದಲು ಅದು ಹಡಗಿನಲ್ಲೇ ಬರ್ತಿತ್ತು. ಐವತ್ತರ ದಶಕದಲ್ಲಿ ಸರ್ಕಾರ ಹೆರಗಿನ ಗಾಡಿ ತರಿಸದಕ್ಕೆ ಅಡ್ಡಿ ಮಾಡ್ಚು, ಇಲ್ಲೇ ಮಾಡಿ ಹೇಳ್ಚು. ಆಗ ಫರೂಕ್ ಇರಾನಿ ಹೇಳುವ ಪಾರ್ಸಿ ಉದ್ಯಮಿ ಮೈಸೂರಲ್ಲಿ ಐಡಿಯಲ್ ಜಾವಾ ಹೇಳುವ ಕಂಪನಿ ಕಟ್ಟಿದ್ದು. 1960ರಲ್ಲಿ ಕಂಪನಿ ಆತು, 1961ರಲ್ಲಿ ಯಾದವಗಿರಿಯ ಕಾರ್ಖಾನೆಯಿಂದ ಗಾಡಿ ಹೆರಗೆ ಬಪ್ಪಲೆ ಶುರುವಾತು. ಉದ್ಘಾಟನೆ ಮಾಡಿದ್ದು ಜಯಚಾಮರಾಜ ಒಡೆಯರು. ಆಗ ಅವು ಮೈಸೂರು ರಾಜ್ಯದ ರಾಜ್ಯಪಾಲರು. ಮದ್ರಾಸಲ್ಲಿ ಎನ್‌ಫೀಲ್ಡ್ ಬುಲೆಟ್, ಮೈಸೂರಲ್ಲಿ ಜಾವಾ. ಇವೆರಡೇ ಆ ಕಾಲಕ್ಕೆ ದಕ್ಷಿಣದ ದೊಡ್ಡ ಗಾಡಿ. ಬುಲೆಟ್ಟು ಪೊಲೀಸ್ರಿಗೆ, ಮಿಲಿಟ್ರಿಗೆ. ಜಾವಾ ಮಾಸ್ತರಿಗೆ, ಡಾಕ್ಟ್ರಿಗೆ, ಅಡಿಕೆ ಬೆಳೆದು ನಾಕು ಕಾಸು ಕಂಡವರಿಗೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗೆ ಈ ಗಾಡಿ ಎಂತಕ್ಕೆ ಒಗ್ಗಿತು ಹೇಳಿ ಯಮ್ಮನೆಯವ್ರು ಯಂಗೆ ಬಿಡಿಸಿ ಹೇಳಿದ್ವು. ಇದ್ರ ಎಂಜಿನ್ನು ಟೂ ಸ್ಟ್ರೋಕು. ಹೇಳಿರೆ, ಒನಕೆ ಒಂದು ಸಲ ಮೇಲೆ, ಒಂದು ಸಲ ಕೆಳಗೆ ಬಂದ್ರೆ ಒಂದು ಕೆಲಸ ಪೂರ್ತಿ, ಪ್ರತೀ ಸುತ್ತಿಗೂ ಒಳಗೆ ಬೆಂಕಿ ಹತ್ತುತ್ತು. ಈಗಿನ ಬೈಕುಗಳಿಗೆ ಎರಡು ಸುತ್ತಿಗೆ ಒಂದು ಸಲ. ಹಾಂಗಾಗಿ ಜಾವಾ ಏರಿಗೆ ಗಟ್ಟಿ. ದೇವಿಮನೆ ಘಟ್ಟದಲ್ಲಿ ಇಬ್ರು ಕೂತು, ಮಧ್ಯ ಒಂದು ಬಾಳೆಗೊನೆ ಇಟ್ಕಂಡ್ರೂ ಹತ್ತುತ್ತಿತ್ತು. ಇನ್ನೊಂದು, ಒಳಗೆ ಸಾಮಾನು ಕಮ್ಮಿ. ವಾಲ್ವು ಗೀಲ್ವು ಎಂತದೂ ಇಲ್ಲೆ. ಎಂಜಿನ್ನಿಗೆ ಬೇಕಾದ ಎಣ್ಣೆಯನ್ನ ಪೆಟ್ರೋಲಿಗೇ ಬೆರೆಸದು. ಯಮ್ಮನೆ ಗಾಡಿಗೆ ಲೀಟರಿಗೆ 40 ಮಿಲಿ ಲೆಕ್ಕ. ಕೆಟ್ಟರೆ ಮೆಕ್ಯಾನಿಕ್ಕು ಬಪ್ಪವರೆಗೆ ಕಾಯ ಕೆಲಸ ಇಲ್ಲೆ, ಜಗ್ಲೀಲಿ ಕೂತು ನಾಕು ಪಾನಾದಲ್ಲಿ ಬಿಚ್ಚಲಕ್ಕು. ಮಳೆಗಾಲದಲ್ಲಿ ಹೊಳೆ ಬಂದು ದಾರಿ ಕಟ್ಟುವ ನಮ್ಮ ಊರಿಗೆ ಇದಕ್ಕಿಂತ ಬೇರೆ ಎಂತ ಬೇಕು?

ಮತ್ತೊಂದು ಚೋದ್ಯ ಇದ್ದು. ಕಿಕ್ ಹೊಡೆಯದೂ, ಗೇರು ಹಾಕದೂ ಒಂದೇ ಹಿಡಿಕೆಯಲ್ಲಿ. ಕಿಕ್ ಹೊಡೆದು ಗಾಡಿ ಶುರುವಾದ್ಮೇಲೆ ಅದನ್ನೇ ಮಗುಚಿ ಮುಂದೆ ಹಾಕಿರೆ ಗೇರಾಗ್ತು. ಎಂಜಿನ್ನು ಒಂದೇ ಸಿಲಿಂಡರಾದ್ರೂ ಹೊಗೆಕೊಳವೆ ಮಾತ್ರ ಎರಡು, ಆಚೀಚೆ ಬದಿಗೆ ಒಂದೊಂದು.

ಎಪ್ಪತ್ತರ ದಶಕದಲ್ಲಿ ಚೆಕ್ ಕಂಪನಿಯ ಕರಾರು ಮುಗಿದು ಹೋತು. ಅದೇ ಮೈಸೂರಿನ ಕಾರ್ಖಾನೆ, ಅದೇ ಕೆಲಸಗಾರರು, ಹೆಸರು ಮಾತ್ರ ಯೆಜ್ಡಿ ಆತು. 1978ರಿಂದ ರೋಡ್‌ಕಿಂಗ್ ಬಂತು. ನಿಮ್ಮಲ್ಲಿ ಎಷ್ಟೋ ಜನರ ಮದುವೆ ದಿಬ್ಬಣದ ಮುಂದೆ ಅದು ಓಡಿದ್ದಿಕ್ಕು. ಆದ್ರೆ ಎಂಬತ್ತರ ದಶಕದಲ್ಲಿ ಜಪಾನಿನವರ ಜೊತೆ ಸೇರಿ ಮಾಡಿದ ಸಣ್ಣ ಗಾಡಿಗಳು ಬಂದ್ವು. 1985ರಲ್ಲಿ ಹೀರೋ ಹೋಂಡಾ ಬಂತು. ಒಂದು ಲೀಟರಿಗೆ ಜಾವಾದ ಎರಡು ಪಟ್ಟು ದೂರ ಹೋಗ್ತು, ಹೊಗೆ ಇಲ್ಲೆ, ಸದ್ದಿಲ್ಲೆ. ಹೊಗೆಯ ಮೇಲೆ ಸರ್ಕಾರದ ನಿಯಮವೂ ಬಿಗಿಯಾತು. ಕಾರ್ಖಾನೆಯೊಳಗೆ ಸಾಲ, ಕಾರ್ಮಿಕರ ತಕರಾರು. 1996ರಲ್ಲಿ ಮೈಸೂರಿನ ಕಾರ್ಖಾನೆಗೆ ಬೀಗ ಬಿತ್ತು. ಹೊಸಾ ಸಾಮಾನು ಬಪ್ಪದು ನಿಂತ್ಹೋತು. ಯಮ್ಮನೆ ಜಾವಾವೂ ಅದಾಗಿ ಎರಡು ವರ್ಷಕ್ಕೆ ಕೊಟ್ಟಿಗೆ ಸೇರ್ಚು.

ಅಲ್ಲಿಂದ 22 ವರ್ಷ ಅದು ಗೋಣಿಚೀಲದ ಕೆಳಗೇ. ಮೇಲೆ ಅಡಿಕೆ ಬುಟ್ಟಿ, ಹಳೇ ಹಗ್ಗ, ಕೋಳಿಯಲ್ಲದಿದ್ರೂ ಬೆಕ್ಕು ನಾಕು ಸಲ ಮರಿ ಹಾಕಿದ್ದು ಅದ್ರ ಸೀಟಿನ ಮೇಲೇ. 2011ರಲ್ಲಿ ಮಾವ ಹೋದ. ಗುಜರಿಯವ ಎರಡು ಸಲ ಬಂದ. ತೂಕದ ಲೆಕ್ಕಕ್ಕೆ ಕೊಡ್ತಿ ಹೇಳ್ದ. ಯಮ್ಮನೆಯವ್ರು ಹೂಂ ಹೇಳ್ಲಿಲ್ಲೆ, ಉಹೂಂ ಹೇಳ್ಲಿಲ್ಲೆ. ಅತ್ತೆ ಮಾತ್ರ ಜಗ್ಲಿ ಕಂಬಕ್ಕೆ ಒರಗಿ ಕೂತ್ಕಂಡು "ಇರ್ಲಿ ಬಿಡಿ" ಹೇಳ್ಚು. ಅಷ್ಟೇಯ.

2020ರಲ್ಲಿ ಕೊರೋನಾ ಬಂತಲೆ. ಬೆಂಗಳೂರಲ್ಲಿದ್ದ ಯಮ್ಮನೆ ಮಾಣಿ ಲ್ಯಾಪ್‌ಟಾಪ್ ಹಿಡ್ಕಂಡು ಮನೆಗೆ ಬಂದ. ಸಂಜೆ ಮೇಲೆ ಕೆಲಸ ಇಲ್ಲೆ. ಒಂದಿನ ಅಪ್ಪ-ಮಗ ಸೇರಿ ಗೋಣಿ ತೆಗೆದ್ವು. ಮತ್ತೆ ಕೇಳವಾ? ಎರಡು ವರ್ಷ ಯನ್ನ ಮನೆ ಮನೆಯಾಗಿ ಉಳಿದ್ದಿಲ್ಲೆ.

ಮೊದಲು ಹೋಗಿದ್ದು ಯನ್ನ ಸಾಂಬಾರ ಬಟ್ಲು. ಬಿಚ್ಚಿದ ನಟ್ಟು, ಬೋಲ್ಟು ಯಾವುದು ಎಲ್ಲಿದು ಹೇಳಿ ತಪ್ಪಬಾರದು, ಅದ್ಕೆ ಏಳು ಖಾನೆ ಇರುವ ಡಬ್ಬಿ ಬೇಕಡ. ಸಾಸಿವೆ ಖಾನೆಯಲ್ಲಿ ಕಾರ್ಬುರೇಟರಿನ ಸ್ಕ್ರೂ, ಮೆಂತ್ಯದ ಖಾನೆಯಲ್ಲಿ ಬ್ರೇಕಿನದು. ಇಡ್ಲಿ ತಟ್ಟೆಯೂ ಹೋತು. ಎಂಜಿನ್ನು ತುಕ್ಕು ಹಿಡಿದು ಕಚ್ಕಂಡು ಕೂತಿತ್ತು. ಪ್ಲಗ್ಗಿನ ತೂತಲ್ಲಿ ಡೀಸೆಲ್ಲು, ಎಣ್ಣೆ ಹೊಯ್ದು ಹತ್ತು ದಿನ ನೆನೆಯಲೆ ಬಿಟ್ವು. ಹನ್ನೊಂದನೇ ದಿನ ಕಿಕ್ಕು ಒಂಚೂರು ಅಲುಗಾಡ್ಚು. ಅಪ್ಪ-ಮಗ ಗಂಡುಮಗು ಹುಟ್ಟಿದ ಹಾಂಗೆ ಕೂಗಿದ್ವು. ಆದ್ರೂ ಸಿಲಿಂಡರಿನ ಒಳಗೆ ಗೀರು ಬಿದ್ದಿತ್ತು. ಅದನ್ನ ಹುಬ್ಬಳ್ಳಿಗೆ ಒಯ್ದು ಕೊರೆಸಿ, ಸ್ವಲ್ಪ ದೊಡ್ಡ ಪಿಸ್ಟನ್ನು, ಹೊಸಾ ರಿಂಗು ಹಾಕ್ಸವಾಗಿ ಬಂತು.

ಟ್ಯಾಂಕಿಗೆ ಮಾತ್ರ ಯನ್ನ ಉಪಾಯ. ಒಳಗೆಲ್ಲಾ ತುಕ್ಕು, ಬಗ್ಗಿಸಿದ್ರೆ ಇಟ್ಟಿಗೆ ಪುಡಿ ಹಾಂಗೆ ಬೀಳ್ತಿತ್ತು. ಯಂಗ ತಾಮ್ರದ ಹಂಡೆ ತೊಳೆಯದು ಎಂತದ್ರಲ್ಲಿ? ಹುಳಿಯಲ್ಲಿ. ತುಕ್ಕೂ ಹುಳಿಗೆ ಬಿಡ್ತು. ಹಿತ್ಲಲ್ಲಿ ಬಿಂಬ್ಲಿ ಮರ ಇದ್ದು, ನೆಲಕ್ಕೆ ಬಿದ್ದು ಕೊಳೀತಿತ್ತು. ಒಂದು ಕೊಳಗ ಬಿಂಬ್ಲಿ ರುಬ್ಬಿ ಸೋಸಿ, ಹಳೇ ಹುಣಸೆಹಣ್ಣಿನ ರಸ ಸೇರಿಸಿ ಟ್ಯಾಂಕು ತುಂಬ ಹೊಯ್ದು, ಒಂದು ಬೊಗಸೆ ಸಣ್ಣ ಜಲ್ಲಿಕಲ್ಲು ಹಾಕಿ ದಿನಕ್ಕೆರಡು ಸಲ ಕುಲುಕಿದ್ದು. ನಾಕು ದಿನಕ್ಕೆ ಕಬ್ಬಿಣ ಬೆಳ್ಳಗೆ ಕಂಡ್ಚು. ಆದ್ರೆ ಹುಳಿ ಒಳಗೇ ಉಳಿದ್ರೆ ಕಬ್ಬಿಣವನ್ನೇ ತಿಂತು. ಅದಕ್ಕೆ ಕಡೀಗೆ ಅಡುಗೆ ಸೋಡಾದ ನೀರಲ್ಲಿ ತೊಳೆದು, ಮತ್ತೆ ಚೊಲೋ ನೀರಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರವು. ಒಂದು ರಾತ್ರಿ ಹಾಂಗೇ ಬಿಟ್ರೂ ಹೊಸಾ ತುಕ್ಕು ಹತ್ತುತ್ತು.

ಒಣಗಿಸದು ಹೇಳಿದ್ನಲಿ, ಅಲ್ಲೊಂದು ಅನಾಹುತ ತಪ್ಪಿದ್ದು. ಮಳೆಗಾಲ, ಬಿಸಿಲಿಲ್ಲೆ. ಮೊದಲ ದಿನ ಪೆಟ್ರೋಲು ಬಗ್ಗಿಸಿದ ಟ್ಯಾಂಕನ್ನ ಯಮ್ಮನೆಯವ್ರು ಬಚ್ಚಲ ಒಲೆಯ ಕಟ್ಟೆ ಮೇಲೆ ಇಟ್ಟಿಕ್ಕಿ ಹೋಗಿದ್ವು, ಬೆಚ್ಚಗಾಗ್ತು ಹೇಳಿ. ಆನು ಮೀಯಲೆ ನೀರು ಕಾಸಲೆ ಹೋದವಳು ವಾಸನೆ ನೋಡಿ ಎತ್ತಿ ಅಂಗಳಕ್ಕೆ ಒಯ್ದಿ. ಪೆಟ್ರೋಲು ಖಾಲಿಯಾದ ಟ್ಯಾಂಕೇ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗೆ ಆವಿ ತುಂಬಿಕಂಡಿರ್ತು. ಕಿಡಿ ಹಾರಿದ್ರೆ ಮನೆ ಸುಟ್ಟೇ ಹೋಗ್ತಿತ್ತು. ಮನೇಲಿ ಯಾರಾದ್ರೂ ಇಂತಾ ಕೆಲಸ ಹಿಡಿದ್ರೆ ಒಲೆ, ದೀಪ, ಗ್ಯಾಸು ಇರುವಲ್ಲಿ ಇಡಲೆ ಕೊಡಡಿ.

ಹೊಗೆಕೊಳವೆಗಳನ್ನ ಬಿಚ್ಚಿದ್ರೆ ಒಳಗೆ ಬಾಣಲೆ ತಳದ ಹಾಂಗೆ ಮಸಿ ಕಟ್ಟಿತ್ತು. ಎಣ್ಣೆ ಬೆರೆಸಿದ ಪೆಟ್ರೋಲು ಸುಡ್ತಲೆ, ಅದ್ರ ಜಿಡ್ಡು. ಒಳಗಿನ ಕೊಳವೆ ಎಳೆದು ಹಿತ್ಲಲ್ಲಿ ದರಕಿನ ಬೆಂಕಿಯಲ್ಲಿ ಸುಟ್ಟು ಕೆರೆದ್ವು. ಬೆಂಕಿ ಹೊತ್ತುವ ಪಾಯಿಂಟು ಹೇಳಿ ಒಂದು ಇದ್ದು, ಅದ್ರ ಸಂದು 0.4 ಮಿಲಿಮೀಟರು. ಹೆಚ್ಚಾದ್ರೂ ಗಾಡಿ ಹತ್ತುತ್ತಿಲ್ಲೆ, ಕಮ್ಮಿಯಾದ್ರೂ ಹತ್ತುತ್ತಿಲ್ಲೆ. ಬಣ್ಣ ಹೊಡೆದು ಟ್ಯಾಂಕಿನ ಮೇಲೆ ಬಂಗಾರ ಬಣ್ಣದ ಗೆರೆ ಎಳೆಯಲೆ ಪೇಟೆಯ ಬೋರ್ಡು ಬರೆಯುವವ ಒಬ್ಬ ಬಂದಿದ್ದ. ಒಂದೇ ಉಸಿರಿಗೆ, ಸ್ಕೇಲಿಲ್ಲದೇ ಎಳೆದ. ಯಂಗ್ಳ ರಂಗೋಲಿ ಗೆರೆಯೂ ಹಾಂಗೆ ಬರ್ತಿಲ್ಲೆ.

ಇಷ್ಟೆಲ್ಲಾ ಆಗಿ ಗಾಡಿ ಮತ್ತೆ ಜೋಡಿಸುವ ಹೊತ್ತಿಗೆ ಒಂದು ಸಾಮಾನು ಉಳಿದು ಹೋತು. ಹಿಂದಿನ ಗಾಲಿಯ ಎಡಗಡೆಗೆ ಹಾಕುವ ಸೀರೆ ಗಾರ್ಡು. ಕಬ್ಬಿಣದ ಸರಳಿನದ್ದು, ಸೊಟ್ಟಗಾಗಿ, ಒಂದು ಕಡೆ ಬೆಸುಗೆ ಹಾಕಿದ್ದು. ಮಾಣಿ ಮೊಬೈಲಲ್ಲಿ ಹೊರದೇಶದ ಜಾವಾ ಫೋಟೋ ತೋರಿಸ್ದ. "ನೋಡು ಆಯಿ, ಇದ್ರಲ್ಲಿ ಎಲ್ಲೂ ಇಲ್ಲೆ. ಗಾಲಿ ಪೂರ್ತಿ ಕಾಣವು, ಆಗ ಚಂದ. ಒರಿಜಿನಲ್ಲು ಹೇಳಿರೆ ಇದು" ಹೇಳ್ದ. ಅದನ್ನ ಗುಜರಿ ಚೀಲಕ್ಕೆ ಹಾಕ್ದ.

ಅತ್ತೆ ಜಗ್ಲೀಲಿ ಕೂತು ಬತ್ತಿ ಹೊಸೀತಿತ್ತು. 80 ದಾಟಿದ ಜೀವ, ಗಾಡಿ ವಿಷಯಕ್ಕೆ ಎರಡು ವರ್ಷದಲ್ಲಿ ಒಂದು ಮಾತು ಆಡಿದ್ದಿಲ್ಲೆ. ಬತ್ತಿ ಕೆಳಗಿಟ್ಟು ಕೇಳ್ಚು, "ಅದ್ನ ಎಂತಕ್ಕೆ ತೆಗೆದ್ಯೋ ಮಾಣಿ?"

"ಬ್ಯಾಡ ಅಮ್ಮಮ್ಮಾ ಅದು, ಚಂದ ಇಲ್ಲೆ."

ಅತ್ತೆ ಸುಮ್ಮಂಗಾತು. ರಾತ್ರಿ ಊಟ ಆಗಿ ಆನು ಹಾಸಿಗೆ ಹಾಸಲೆ ಹೋದಾಗ ಹೇಳ್ಚು. ಇಷ್ಟು ವರ್ಷದಲ್ಲಿ ಯಾರ ಹತ್ರವೂ ಹೇಳಿದ್ದಿಲ್ಲೆ.

ಮಾವ ಆ ಗಾಡಿ ತಗಂಡಿದ್ದು 1974ರಲ್ಲಿ, ಸೆಕೆಂಡ್ ಹ್ಯಾಂಡು. ಗಾಡಿ 1971ರದ್ದು. ಮೊದಲಿದ್ದವ ಒಬ್ನೇ ಓಡಾಡುವವ, ಸೀರೆ ಗಾರ್ಡು ಬಿಚ್ಚಿಟ್ಟಿದ್ದನಡ. ಮರುವರ್ಷ ಮಳೆಗಾಲದ ಶುರುವಿಗೆ ಶಿರಸಿಯಿಂದ ಉಪನಯನ ಮುಗಿಸಿ ಇಬ್ರೂ ಬರ್ತಿದ್ವಡ. ಅತ್ತೆ ಇಳಕಲ್ ಸೀರೆ ಉಟ್ಕಂಡು ಒಂದೇ ಬದಿಗೆ ಕಾಲು ಹಾಕಿ ಕೂತಿದ್ದು. ಕಾನಸೂರಿನ ಹತ್ರ ಗಾಳಿಗೆ ಸೆರಗು ಹಾರಿ ಗಾಲಿಗೆ ಸಿಕ್ತಡ. ಎಳೆದ ರಭಸಕ್ಕೆ ಅತ್ತೆ ರಸ್ತೆ ಮೇಲೆ. ಕೈ ಮೂಳೆ ಮುರಿತು, ಅದು ಮನೆಯವರಿಗೆಲ್ಲ ಗೊತ್ತಿದ್ದ ಕತೆ. ಯಂಗೂ ಗೊತ್ತಿತ್ತು. ಗೊತ್ತಿಲ್ಲದ್ದು ಇದು: ಅತ್ತೆಗೆ ಆಗ ನಾಕನೇ ತಿಂಗಳು. ಆ ಮಗು ಉಳಿದ್ದಿಲ್ಲೆ.

"ನಿನ್ ಮಾವ ಯಂಗೆ ಸಮಾಧಾನ ಹೇಳಿದ್ದೂ ಇಲ್ಲೆ, ಕ್ಷಮಿಸು ಹೇಳಿದ್ದೂ ಇಲ್ಲೆ. ಆಗ ಗಂಡಸ್ರು ಅಂತದ್ದೆಲ್ಲಾ ಹೇಳ್ತಿತ್ತಿಲ್ಲೆ. ಯಾನು ಆಯಿ ಮನೆಯಿಂದ ತಿರುಗಿ ಬಪ್ಪಷ್ಟರಲ್ಲಿ ಆಚಾರಿ ಹತ್ರ ಹೋಗಿ ಸರಳು ಬಗ್ಗಿಸಿ ಅದ್ನ ಮಾಡ್ಸಿದ್ದ. ಕಂಪನಿದ್ದು ಸಿಗುವವರೆಗೆ ಕಾದಿದ್ನಿಲ್ಲೆ. ದಿನಾ ಗಾಡಿ ಒರೆಸುವಾಗ ಮೊದಲು ಅದನ್ನೇ ಹಿಡಿದು ಅಲುಗಾಡ್ಸಿ ನೋಡ್ತಿದ್ದ, ಗಟ್ಟಿ ಇದ್ದನಾ ಹೇಳಿ. ನಿಂಗ ಗಾಡಿ ಮೇಲೆ ಪ್ರೀತಿ ಹೇಳಿ ಮಾಡಿದ್ರಿ."

ಆನು ಎಂತ ಹೇಳವು? ವರ್ಷಗಟ್ಲೆ ಆ ಒರೆಸದ್ನ ನೋಡಿದವಳು ಆನು. ಸೊಸೆಗಿಂತ ಗಾಡಿಗೆ ಮರ್ಯಾದೆ ಹೇಳಿ ನಗಾಡಿದವಳು. ರಾತ್ರಿ ನಿದ್ದೆ ಬಂಜಿಲ್ಲೆ.

ಬೆಳಗ್ಗೆ ಎದ್ದು ಮೊದಲು ಗುಜರಿ ಚೀಲದಿಂದ ಅದ್ನ ಹೆರಗೆ ತೆಗೆದಿ. ಮಾಣಿಗೆ ಕತೆ ಪೂರ್ತಿ ಹೇಳಿದ್ನಿಲ್ಲೆ, ಅತ್ತೆಯನ್ನ ಕೇಳಿಕಂಡು ಆಮೇಲೆ ಹೇಳಿದ್ದು. ಆಗ ಹೇಳಿದ್ದು ಇಷ್ಟೇ: "ಒರಿಜಿನಲ್ಲು ಹೇಳಿರೆ ಪ್ರಾಗ್‌ನಲ್ಲಿ ಇದ್ದ ಹಾಂಗೆ ಇಪ್ಪದಲ್ಲ, ನಮ್ಮನೇಲಿ ಇದ್ದ ಹಾಂಗೆ ಇಪ್ಪದು."

ಅಂವ ಆಮೇಲೆ ಹುಡುಕಿ ನೋಡಿ ಅವನೇ ಹೇಳ್ದ. ಈ ಗಾರ್ಡು ಬರೀ ಅಲಂಕಾರ ಅಲ್ಲ, ಈಗ ಅದು ಕಾನೂನು. 1989ರ ಕೇಂದ್ರ ಮೋಟಾರು ವಾಹನ ನಿಯಮದ 123ನೇ ನಿಯಮದಲ್ಲಿ ಇದ್ದು. ಹಿಂದೆ ಕೂತವರಿಗೆ ಕೈ ಹಿಡ್ಕಂಬಲೆ ಹಿಡಿಕೆ, ಕಾಲಿಡಲೆ ಜಾಗ, ಬಟ್ಟೆ ಗಾಲಿಗೆ ಸಿಕ್ಕದ ಹಾಂಗೆ ಗಾಲಿಯ ಅರ್ಧಕ್ಕೆ ಕಮ್ಮಿ ಇಲ್ಲದಷ್ಟು ಮುಚ್ಚುವ ತಡೆ, ಈ ಮೂರೂ ಇರವು. ಯಂಗ್ಳ ಅತ್ತೆಗೆ ಪೆಟ್ಟಾಗಿ ಹದಿನಾಕು ವರ್ಷ ಆದ್ಮೇಲೆ ಬರೆದ ನಿಯಮ. ಅತ್ತೆ ಹಾಂಗೆ ಎಷ್ಟು ಹೆಂಗಸ್ರು ಬಿದ್ದು ಆ ಒಂದು ಸಾಲು ಆಯ್ದನ! ಈಗಿನ ಮಕ್ಕ ಹೊಸಾ ಬೈಕು ತಂದ ಮರುದಿನವೇ ಅದ್ನ ಬಿಚ್ಚಿ ಅಟ್ಟಕ್ಕೆ ಎಸೀತ. ನಿಂಗ್ಳ ಮನೇಲೂ ಒಂದು ಬಿದ್ದಿಕ್ಕು, ಹೋಗಿ ನೋಡಿ.

ಸೀರೆ ಗಾರ್ಡಿನ ಸೊಟ್ಟ ತೆಗೆಸಲೆ ಆನು ಬಿಟ್ಟಿದ್ನಿಲ್ಲೆ. ತುಕ್ಕು ಕೆರೆಸಿ ಕಪ್ಪು ಬಣ್ಣ ಹೊಡೆಸಿದ್ದು ಅಷ್ಟೇ. ಆಚಾರಿಯ ಬೆಸುಗೆ ಹಾಂಗೇ ಇದ್ದು.

2021ರಲ್ಲಿ 50 ವರ್ಷ ದಾಟಿದ ಗಾಡಿಗಳಿಗೆ ಬೇರೆ ನೋಂದಣಿ ಬಂತು, ನಂಬರಿನಲ್ಲಿ ವಿ.ಎ. ಹೇಳಿ ಅಕ್ಷರ ಇರ್ತು. ಆದ್ರೆ ಹಾಂಗೆ ಮಾಡ್ಸಿರೆ ದಿನಬಳಕೆಗೆ ರಸ್ತೇಲಿ ಓಡಿಸಲೆ ಬರ್ತಿಲ್ಲೆ, ಪ್ರದರ್ಶನಕ್ಕೆ, ರ‍್ಯಾಲಿಗೆ ಮಾತ್ರ. ಯಂಗ ಹಳೇ ನಂಬರನ್ನೇ ಉಳಿಸಿ ಆರ್.ಸಿ. ನವೀಕರಣ ಮಾಡ್ಸಿದ್ಯ. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೇಳುವ ಹೆಸರಲ್ಲಿ ಮತ್ತೆ ಹೊಸಾ ಗಾಡಿ ಬೈಂದು, ಆದ್ರೆ ಮೈಸೂರಿನದಲ್ಲ, ಎಂಜಿನ್ನು ಬೇರೆ. ಹಳೇ ಜಾವಾ ಇದ್ದವರು ವರ್ಷವೂ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನ ಹೇಳಿ ಮೈಸೂರು, ಬೆಂಗಳೂರಲ್ಲಿ ಸೇರ್ತ. ಅಂತವರಲ್ಲೊಬ್ಬ ಫೋಟೋ ನೋಡಿ ಗಾಡಿ ಕೊಡ್ತ್ರಾ ಕೇಳ್ದ. ಹೇಳಿದ ಮೊತ್ತ ಸಣ್ಣದಲ್ಲ. ಮನೆ ಹಂಚು ಇಳಿಸಿ ಹೊಸತು ಹೊದೆಸಲೆ ಸಾಕಾಗ್ತಿತ್ತು. ಮಾಣಿ ಯನ್ನ ಮುಖ ನೋಡ್ದ, ಯಮ್ಮನೆಯವ್ರು ಅತ್ತೆ ಮುಖ ನೋಡಿದ್ವು. ಅತ್ತೆ ಹೇಳಿದ್ದು ಮತ್ತದೇ, "ಇರ್ಲಿ ಬಿಡಿ." ಹಂಚು ಇನ್ನೂ ಸೋರ್ತು.

ಈಗ ಮಾಣಿ ಬೆಂಗಳೂರಿಗೆ ಹೋಯ್ದ. ಯಮ್ಮನೆಯವ್ರಿಗೆ ಮೊಣಕಾಲು ನೋವು, ಕಿಕ್ ಹೊಡೆಯಲೆ ಆಗ್ತಿಲ್ಲೆ. ಆದ್ರೆ ಹಳೇ ಗಾಡಿ ವಾರಕ್ಕೊಂದು ಸಲ ಶುರು ಮಾಡವು, ಇಲ್ದಿದ್ರೆ ಕಾರ್ಬುರೇಟರಿನಲ್ಲಿ ಪೆಟ್ರೋಲು ಅಂಟುಕಟ್ಟಿ ಕೂತ್ಕತ್ತು. ಈಗಿನ ಪೆಟ್ರೋಲಲ್ಲಿ 20 ಪರ್ಸೆಂಟು ಎಥೆನಾಲು ಬೇರೆ, ಅದು ನೀರು ಎಳೀತು, ಹಳೇ ರಬ್ಬರನ್ನ ತಿಂತು. ಹಾಂಗಾಗಿ ಭಾನುವಾರ ಬೆಳಗ್ಗೆ ದೋಸೆ ಹಿಟ್ಟು ಮುಚ್ಚಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಕ್ ಹೊಡೆಯದು ಆನು. ಹತ್ತು ನಿಮಿಷ ಓಡಿಸಿ, ಪೆಟ್ರೋಲಿನ ಕಾಕು ಬಂದು ಮಾಡಿರೆ ಒಳಗಿದ್ದದ್ದು ಸುಟ್ಟು ತಾನೇ ನಿಲ್ತು. ಮಳೆಗಾಲದಲ್ಲಿ ಪ್ಲಾಸ್ಟಿಕ್ಕು ಹೊದೆಸದಿಲ್ಲೆ, ಒಳಗೆ ಬೆವರಿ ತುಕ್ಕು ಹಿಡೀತು. ಹಳೇ ಹತ್ತಿ ಸೀರೆಯೇ ಚೊಲೋ.

ಅತ್ತಿಗೇ, ನೀ ಕೇಳಿದ ಶಬ್ದ ಅದು. ಹೊಗೆಗೆ ಬೇಜಾರು ಮಾಡ್ಕಳಡ, ಹತ್ತು ನಿಮಿಷ ಕಿಟಕಿ ಹಾಕ್ಯ. ಶುರು ಮಾಡುವ ಮೊದಲು ಆನೂ ಈಗ ಗಾಲಿ ಹತ್ರ ಬಗ್ಗಿ ಆ ಸರಳನ್ನ ಹಿಡಿದು ಒಂದು ಸಲ ಅಲುಗಾಡ್ಸಿ ನೋಡ್ತಿ. ಜಗ್ಲಿಯಿಂದ ಅತ್ತೆ ಕೇಳ್ತು, "ಗಟ್ಟಿ ಇದ್ದನೇ?" ಹೇಳಿ.

"ಗಟ್ಟಿ ಇದ್ದು ಅತ್ತೆ" ಹೇಳ್ತಿ.